ನಾಲ್ಕು ಬೆರಳಿನ ಅಂತರ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ಹೆಗ್ಗನಹಳ್ಳಿ, ರಾಜಗೋಪಾಲನಗರ, ಲಗ್ಗೆರೆಯ ಅಡ್ಡರಸ್ತೆಗಳಲ್ಲಿ ಮನೆಗಳು ಹೇಗಿರುತ್ತವೆ ಎನ್ನುವುದು ಆ ಕಡೆ ಓಡಾಡಿದವರಿಗೆ ಗೊತ್ತು. ಕೆಳಗಡೆ ಶಟರ್ ಎತ್ತಿದರೆ ಲೇತು, ಡ್ರಿಲ್ಲಿಂಗ್ ಮಷೀನು, ಪವರ್ ಪ್ರೆಸ್ಸು. ಮೇಲ್ಗಡೆ ಎರಡೋ ಮೂರೋ ಅಂತಸ್ತು ಬಾಡಿಗೆ ಮನೆಗಳು. ಎಲೆಕ್ಟ್ರಾನಿಕ್ ಸಿಟಿಗೆ ಅಂಟಿಕೊಂಡ ದೊಡ್ಡತೋಗೂರು, ಹೆಬ್ಬಗೋಡಿಯಲ್ಲಿ ಪಿ.ಜಿ. ಕೋಣೆಗಳ ಸಾಲು. ವೈಟ್‌ಫೀಲ್ಡ್ ಕಡೆಯ ಹೂಡಿ, ಕಾಡುಗೋಡಿಯಲ್ಲಿ ಮುಗಿಲೆತ್ತರದ ಅಪಾರ್ಟ್‌ಮೆಂಟು. ಈ ಮೂರೂ ಕಡೆ ಭಾವಗೀತೆ ಹಾಡಿ ಯೂಟ್ಯೂಬಿಗೆ ಹಾಕುವವರು, ಕತೆ ಓದಿ ಆಡಿಯೊ ಪುಸ್ತಕ ಮಾಡುವವರು, ಪಾಡ್‌ಕಾಸ್ಟ್ ನಡೆಸುವವರು ಈಗ ಇದ್ದಾರೆ. ಡ್ಯೂಟಿ ಮುಗಿಸಿ ಬಂದು, ಬಾಗಿಲು ಹಾಕಿಕೊಂಡು ಹಾಡುವವರು ಇವರು. ಇವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಹತ್ತು ಹದಿನೈದು ಸಾವಿರದೊಳಗೆ ಯಾವ ಮೈಕ್ ತಗೊಳ್ಳಲಿ, ಪ್ರೀಆಂಪ್ ಬೇರೆ ಬೇಕಾ? ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅದಕ್ಕೆ ಉತ್ತರ ಹುಡುಕುತ್ತಾ ನೇರ ಅಂಗಡಿಗೆ ಹೋದರೆ ದುಡ್ಡು ತಪ್ಪು ಜಾಗಕ್ಕೆ ಸುರಿದುಹೋಗುತ್ತದೆ. ಬೆಂಗಳೂರಿನ ಈ ಅಂಚುಗಳಲ್ಲಿ ವಾಸಿಸುವವರಿಗೆ ಸಾಧಾರಣ ಬೆಲೆಯ ಡೈನಾಮಿಕ್ ಮೈಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಧಾರಣ ಆಡಿಯೊ ಇಂಟರ್‌ಫೇಸಿನ ಒಳಗೇ ಇರುವ ಪ್ರೀಆಂಪು, ಎರಡು ದಪ್ಪ ಕಂಬಳಿ ಇಷ್ಟಿದ್ದರೆ ಸಾಕು. ಮಿಕ್ಕಿದ್ದೆಲ್ಲ ಬಾಯಿಗೂ ಮೈಕಿಗೂ ನಡುವೆ ಎಷ್ಟು ಅಂತರ ಬಿಡುತ್ತೀರಿ ಎನ್ನುವುದರ ಮೇಲೆ ನಿಂತಿದೆ ಎಂಬುದು ಈ ಲೇಖನದ ವಾದ. ವಾದಕ್ಕೆ ಆಧಾರ ಒಂದಿಷ್ಟು ಲೆಕ್ಕ, ಪಿ.ಯು.ಸಿ. ಭೌತಶಾಸ್ತ್ರಕ್ಕಿಂತ ಕಷ್ಟದ್ದೇನಲ್ಲ.

ಮೊದಲು ಗದ್ದಲದ ಲೆಕ್ಕ. ಕೇಂದ್ರ ಸರ್ಕಾರ 2000ದಲ್ಲಿ ತಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು ಹೊತ್ತು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ದಾಟುವಂತಿಲ್ಲ. ಕೈಗಾರಿಕಾ ಪ್ರದೇಶಕ್ಕೆ ಇದೇ ಮಿತಿ ಹಗಲು 75, ರಾತ್ರಿ 70. ಅಂದರೆ ಕಾಗದದ ಮೇಲೂ ಪೀಣ್ಯದ ರಾತ್ರಿ, ಬಡಾವಣೆಯೊಂದರ ಹಗಲಿಗಿಂತ 15 ಡೆಸಿಬಲ್ ಜೋರು. ಇದರ ಮೇಲೆ ಮೆಟ್ರೊ. 2014ರ ಮಾರ್ಚಿನಲ್ಲಿ ಹಸಿರು ಮಾರ್ಗ ಪೀಣ್ಯಕ್ಕೆ ಬಂತು, 2023ರ ಮಾರ್ಚಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿಗೆ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ. ಮೂರೂ ಕಡೆ ರೈಲು ಓಡುವುದು ಕಂಬದ ಮೇಲೆ, ಎರಡನೇ ಮೂರನೇ ಮಹಡಿಯ ಕಿಟಕಿಯ ಎತ್ತರಕ್ಕೆ. ಪ್ಲಾಸ್ಟರ್ ಮಾಡಿದ ಗೋಡೆ ಹೊರಗಿನ ಸದ್ದನ್ನು 40 ಡೆಸಿಬಲ್ಲಿಗೂ ಹೆಚ್ಚು ತಡೆಯುತ್ತದೆ, ಒಂದೇ ಗಾಜಿನ ಸ್ಲೈಡಿಂಗ್ ಕಿಟಕಿ ತಡೆಯುವುದು ಹೆಚ್ಚೆಂದರೆ 20, 25. ಸಂದಿಯಿದ್ದರೆ ಅದೂ ಇಲ್ಲ. ಹಾಗಾಗಿ ಹೊರಗೆ 65, 70 ಇದ್ದರೆ ಕಿಟಕಿ ಮುಚ್ಚಿದ ಕೋಣೆಯೊಳಗೆ 45ರ ಆಸುಪಾಸು. ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದೊಂದೇ ಹೆಚ್ಚುಕಡಿಮೆ ಅಷ್ಟು ಸದ್ದು ಮಾಡುತ್ತದೆ. ಫ್ಯಾನ್ ಆರಿಸಿ, ಬೀದಿ ತಣ್ಣಗಾದ ಮೇಲೆ ಕೂತರೂ 35ಕ್ಕಿಂತ ಕೆಳಗಿಳಿಯುವ ಕೋಣೆ ಈ ಭಾಗದಲ್ಲಿ ಅಪರೂಪ. ಈ 35 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ಲೆಕ್ಕವೆಲ್ಲ ಇದಕ್ಕೇ ಬಂದು ತಾಗುತ್ತದೆ.

ಇನ್ನು ಮೈಕಿನ ಒಳಗೆ ನೋಡೋಣ. ಡೈನಾಮಿಕ್ ಮೈಕ್ ಎಂದರೆ ಸೈಕಲ್ ಡೈನಮೊದ ತಮ್ಮ. ತೆಳು ಪೊರೆಯೊಂದಕ್ಕೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ, ಸುರುಳಿ ಆಯಸ್ಕಾಂತದ ನಡುವೆ ತೂಗುತ್ತದೆ. ಸದ್ದಿನ ಒತ್ತಡಕ್ಕೆ ಪೊರೆ ಅಲುಗಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಕಂಡೆನ್ಸರ್ ಮೈಕಿನಲ್ಲಿ ಆಯಸ್ಕಾಂತವಿಲ್ಲ. ಎದುರುಬದುರಾಗಿ ಎರಡು ಫಲಕ, ಒಂದು ಅಲುಗುವಂಥದ್ದು. ನಡುವಿನ ಸಂದು ಹಿಗ್ಗಿ ಕುಗ್ಗಿದಂತೆ ವಿದ್ಯುತ್ ಏರಿಳಿಯುತ್ತದೆ. ಇದರ ಒಳಗೇ ಒಂದು ಪುಟ್ಟ ಆಂಪ್ಲಿಫೈಯರ್ ಕೂತಿರುವುದರಿಂದ ಕೇಬಲ್ ಮೂಲಕವೇ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡಬೇಕು. ಡೈನಾಮಿಕ್ ಕೊಡುವ ವಿದ್ಯುತ್ತು ಎಷ್ಟು ಸಣ್ಣದು ಎನ್ನುವುದಕ್ಕೆ ಶೂರ್ ಕಂಪನಿಯ ಎಸ್‌ಎಂ58 ಉದಾಹರಣೆ. 1966ರಿಂದ ಇವತ್ತಿನವರೆಗೂ ಮಾರಾಟದಲ್ಲಿರುವ, ರಾಜ್ಯೋತ್ಸವದ ಆರ್ಕೆಸ್ಟ್ರಾದಿಂದ ಹಿಡಿದು ದೊಡ್ಡ ವೇದಿಕೆಯವರೆಗೆ ಎಲ್ಲ ಕಡೆ ಕಾಣುವ ಮೈಕು ಅದು. 94 ಡೆಸಿಬಲ್ ಸದ್ದು, ಅಂದರೆ ಬಾಯಿ ಹತ್ತಿರವಿಟ್ಟು ಗಟ್ಟಿಯಾಗಿ ಹಾಡಿದಷ್ಟು, ಅದರ ಮೇಲೆ ಬಿದ್ದರೆ ಹೊರಬರುವುದು 1.85 ಮಿಲಿವೋಲ್ಟ್. ಗೋಡೆ ಗಡಿಯಾರದ ಸೆಲ್ಲಿನ ವೋಲ್ಟೇಜನ್ನು ಎಂಟುನೂರು ಪಾಲು ಮಾಡಿದರೆ ಒಂದು ಪಾಲು. ಇದನ್ನು ಸಾವಿರ ಪಟ್ಟು ಹಿಗ್ಗಿಸಿ ರೆಕಾರ್ಡಿಂಗಿಗೆ ಒದಗಿಸುವುದು ಪ್ರೀಆಂಪಿನ ಕೆಲಸ. ಹಿಗ್ಗಿಸುವಾಗ ತನ್ನದೊಂದಿಷ್ಟು ‘ಸ್ಸ್’ ಎಂಬ ಸದ್ದನ್ನೂ ಸೇರಿಸುತ್ತದೆ. ಒಳ್ಳೆಯ ಪ್ರೀಆಂಪ್, ಸೋವಿ ಪ್ರೀಆಂಪ್ ಎಂಬ ಜಗಳ ಹುಟ್ಟುವುದು ಇಲ್ಲೇ.

ಆ ‘ಸ್ಸ್’ ಎಷ್ಟು ದೊಡ್ಡದು? ಫೋಕಸ್‌ರೈಟ್ ಸ್ಕಾರ್ಲೆಟ್‌ನಂಥ, ಮನೆಗಳಲ್ಲಿ ತುಂಬಾ ಬಳಕೆಯಲ್ಲಿರುವ ಇಂಟರ್‌ಫೇಸಿನ ಪ್ರೀಆಂಪಿನ ಸ್ವಂತ ಗದ್ದಲವನ್ನು ತಯಾರಕರು ಮೈನಸ್ 127 ಡಿಬಿಯು (ವೋಲ್ಟೇಜನ್ನು ಡೆಸಿಬಲ್ಲಿನಲ್ಲಿ ಹೇಳುವ ಅಳತೆ) ಎಂದು ಕೊಡುತ್ತಾರೆ. ಇದನ್ನು ಎಸ್‌ಎಂ58ರ 1.85 ಮಿಲಿವೋಲ್ಟಿನ ಜತೆ ತೂಗಿ ಕೋಣೆಯ ಸದ್ದಿನ ಭಾಷೆಗೆ ತಿರುಗಿಸಿದರೆ ಸುಮಾರು 19 ಡೆಸಿಬಲ್. ಅಂದರೆ ಪ್ರೀಆಂಪ್ ಮಾಡುವ ಸದ್ದು, ಕೋಣೆಯಲ್ಲಿ 19 ಡೆಸಿಬಲ್ಲಿನ ಪಿಸುಸದ್ದೊಂದು ಇದ್ದ ಹಾಗೆ. ಭೌತಶಾಸ್ತ್ರ ಬಿಡುವ ಕೊನೆಯ ಮಿತಿ, ಅಂದರೆ ಮೈಕಿನ ತಂತಿಯೊಳಗಿನ ಎಲೆಕ್ಟ್ರಾನುಗಳ ಶಾಖದ ಚಡಪಡಿಕೆಯಿಂದಲೇ ಹುಟ್ಟುವ ಸದ್ದು, ಮೈನಸ್ 131ರ ಹತ್ತಿರ ಇದೆ. ಎಷ್ಟೇ ಲಕ್ಷ ಕೊಟ್ಟ ಪ್ರೀಆಂಪೂ ಇದನ್ನು ದಾಟಲಾರದು. ಹಾಗಾದರೆ ಸೋವಿಗೂ ದುಬಾರಿಗೂ ಗದ್ದಲದ ಮಟ್ಟಿಗೆ ಇರುವ ವ್ಯತ್ಯಾಸ ಮೂರು ನಾಲ್ಕು ಡೆಸಿಬಲ್ ಮಾತ್ರ. ಈಗ ಇದರ ಪಕ್ಕಕ್ಕೆ ಕೋಣೆಯ ಗದ್ದಲವನ್ನಿಡಿ. ಫ್ಯಾನ್ ಆರಿಸಿದ ಕೋಣೆ ಆ 35ಕ್ಕಿಂತ ತುಸು ಮೇಲೆ, 37 ಎಂದುಕೊಳ್ಳೋಣ. ಮುಂದಿನ ಸದ್ದನ್ನಷ್ಟೇ ಹೆಚ್ಚಾಗಿ ಕೇಳುವ ಕಾರ್ಡಿಯಾಯ್ಡ್ ಮೈಕು ಸುತ್ತಲ ಗದ್ದಲವನ್ನು ಐದು ಡೆಸಿಬಲ್ ತಗ್ಗಿಸುತ್ತದೆ, ಉಳಿದದ್ದು 32. ಈ 32ಕ್ಕೆ ಪ್ರೀಆಂಪಿನ 19 ಸೇರಿದರೆ ಆಗುವ ಮೊತ್ತ 32.2. ಪ್ರೀಆಂಪ್ ದೈವದತ್ತವಾಗಿ ಏನೂ ಸದ್ದು ಮಾಡದಿದ್ದರೂ ನೀವು ಗಳಿಸುವುದು ಡೆಸಿಬಲ್ಲಿನ ಐದನೇ ಒಂದು ಪಾಲು. ಕಿವಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮೈಕಿನ ಕತೆಯೂ ಇದೇ. ಆಡಿಯೊ ಟೆಕ್ನಿಕಾದ ಎಟಿ2020 ಎಂಬ ಜನಪ್ರಿಯ ಕಂಡೆನ್ಸರಿನ ಸ್ವಂತ ಗದ್ದಲ 20 ಡೆಸಿಬಲ್, ರೋಡ್ ಕಂಪನಿಯ ಎನ್‌ಟಿ1-ಎ ಮೈಕಿನದು 5. ಕೇಳುವುದಕ್ಕೆ 15 ಡೆಸಿಬಲ್ ಅಂತರ ದೊಡ್ಡದು. ಆದರೆ ಎರಡೂ ಕೋಣೆಯ 32ರ ಕೆಳಗೆ ಮುಳುಗಿವೆ. ಕೆರೆ ತುಂಬಿರುವಾಗ ತಳದಲ್ಲಿ ಕಲ್ಲು ಚಿಕ್ಕದೋ ದೊಡ್ಡದೋ ಎಂದು ದಡದಲ್ಲಿ ನಿಂತು ಕೇಳಿದಂತೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಸರಿಯಾದ ಆಕ್ಷೇಪವೇ. ಕೋಣೆಯ ಗದ್ದಲ ಬಹುಪಾಲು ಗುಂಯ್‌ಗುಡುವ ಕೆಳಸ್ವರದ್ದು, ಪ್ರೀಆಂಪಿನದು ಮೇಲ್ಸ್ವರದ ‘ಸ್ಸ್’. ಒಟ್ಟು ಮೊತ್ತದಲ್ಲಿ ಮುಳುಗಿದರೂ ಕಿವಿ ಅದನ್ನು ಬೇರ್ಪಡಿಸಿ ಕೇಳಬಲ್ಲದು. ನಿಜ. ಮೆಲ್ಲಗೆ ಕತೆ ಓದುವವರು, ಮೈಕಿನಿಂದ ದೂರ ಕೂತು, ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಪೂರ್ತಿ ಏರಿಸಿದರೆ ಖಂಡಿತ ಕೇಳುತ್ತದೆ. ಅದಕ್ಕೇ ಅಂತರದ ಮಾತು. ಸಾಮಾನ್ಯ ಮಾತಿನ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್. ಅಂತರ ಅರ್ಧ ಆದಾಗಲೆಲ್ಲ ದನಿ 6 ಡೆಸಿಬಲ್ ಏರುತ್ತದೆ. ಒಂದು ಮೊಳದ ದೂರದಲ್ಲಿ ಅದು 67, ಒಂದು ಗೇಣಿನಲ್ಲಿ 73, ನಾಲ್ಕು ಬೆರಳು ಅಡ್ಡ ಇಟ್ಟಷ್ಟು ಹತ್ತಿರಕ್ಕೆ ಬಂದರೆ 82. ಕೋಣೆಯ ಗದ್ದಲ ಮಾತ್ರ ಎಲ್ಲಿಂದ ಅಳೆದರೂ ಅಷ್ಟೇ, ಅದು ಮೈಕನ್ನು ಸುತ್ತುವರಿದಿರುತ್ತದೆ. ಹಾಗಾಗಿ ಮೊಳದಿಂದ ನಾಲ್ಕು ಬೆರಳಿಗೆ ಬಂದವರು 15 ಡೆಸಿಬಲ್ ಗಳಿಸಿದರು, ನಯಾಪೈಸೆ ಖರ್ಚಿಲ್ಲದೆ. 20 ಡೆಸಿಬಲ್ ಗದ್ದಲದ ಮೈಕಿನಿಂದ 5 ಡೆಸಿಬಲ್ಲಿನ ಮೈಕಿಗೆ ಹೋದಾಗ ಕಾಗದದ ಮೇಲೆ ಸಿಗುವುದೂ ಇಷ್ಟೇ 15. ಆ ಲಾಭ ಕೋಣೆಯಲ್ಲಿ ಮುಳುಗಿಹೋಗುತ್ತದೆ, ಈ ಲಾಭ ರೆಕಾರ್ಡಿಂಗಿನಲ್ಲಿ ಉಳಿಯುತ್ತದೆ. ನಾಲ್ಕು ಬೆರಳಿನ ದೂರದಲ್ಲಿ ಪ್ರೀಆಂಪಿನ ‘ಸ್ಸ್’ ಮಾತಿಗಿಂತ 63 ಡೆಸಿಬಲ್ ಕೆಳಗೆ ಕೂತಿರುತ್ತದೆ. ಹಿನ್ನೆಲೆಯಲ್ಲಿ ಒಂದು ಶ್ರುತಿಪೆಟ್ಟಿಗೆ ಇದ್ದರೂ ಸಾಕು, ಆ ‘ಸ್ಸ್’ ಯಾರಿಗೂ ಕೇಳಿಸದು.

‘ಕಂಡೆನ್ಸರ್ ತುಂಬಾ ಸೆನ್ಸಿಟಿವ್, ಪಕ್ಕದ ಮನೆ ಕುಕ್ಕರ್ ವಿಷಲ್ ಕೂಡ ಹಿಡಿಯುತ್ತದೆ, ಡೈನಾಮಿಕ್ ಹತ್ತಿರದ್ದನ್ನಷ್ಟೇ ಹಿಡಿಯುತ್ತದೆ’ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಡೈನಾಮಿಕ್ ಕೊಳ್ಳಿ ಎನ್ನುವ ಪಕ್ಷದ ಮಾತಾದರೂ ಈ ವಿವರಣೆ ತಪ್ಪು, ತಪ್ಪು ಕಾರಣಕ್ಕೆ ಸರಿಯಾದ ವಸ್ತು ಕೊಂಡವರು ಅದನ್ನು ತಪ್ಪಾಗಿಯೇ ಬಳಸುತ್ತಾರೆ. ಸೆನ್ಸಿಟಿವಿಟಿ ಎಂದರೆ ಅಷ್ಟೇ ಸದ್ದಿಗೆ ಎಷ್ಟು ಮಿಲಿವೋಲ್ಟ್ ಬರುತ್ತದೆ ಎಂಬ ಅಳತೆ. ಎಟಿ2020 ಅದೇ 94 ಡೆಸಿಬಲ್ಲಿಗೆ 14 ಮಿಲಿವೋಲ್ಟ್ ಕೊಡುತ್ತದೆ. ಆದರೆ ಅದು ದನಿಯನ್ನೂ ಕುಕ್ಕರನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ, ನಲ್ಲಿ ಜೋರಾಗಿ ಬಿಟ್ಟರೆ ನೀರಿನ ಜತೆ ಕೆಸರೂ ಜೋರಾಗಿ ಬಂದ ಹಾಗೆ. ಎರಡೂ ಕಾರ್ಡಿಯಾಯ್ಡ್ ಆಗಿದ್ದು ಎರಡನ್ನೂ ಒಂದೇ ಗೇಣಿನಲ್ಲಿಟ್ಟು ಹಾಡಿದರೆ, ದನಿಗೂ ಗದ್ದಲಕ್ಕೂ ಇರುವ ಅನುಪಾತ ಹೆಚ್ಚುಕಡಿಮೆ ಒಂದೇ. ಡೈನಾಮಿಕ್ ಗೆಲ್ಲುವುದು ಬೇರೆ ಕಾರಣಕ್ಕೆ: ಅದನ್ನು ತುಟಿಯ ಹತ್ತಿರಕ್ಕೆ ತರಬಹುದು. ವೇದಿಕೆಗೆಂದೇ ಹುಟ್ಟಿದ ಮೈಕಾದ್ದರಿಂದ ಅದರ ಜಾಲರಿಯೊಳಗೆ ಸ್ಪಂಜಿನ ಪದರ ಇರುತ್ತದೆ, ಭಾರದ ಪೊರೆ ಉಸಿರಿನ ಹೊಡೆತಕ್ಕೆ ಬೆದರುವುದಿಲ್ಲ. ಕಂಡೆನ್ಸರಿಗೆ ನಾಲ್ಕು ಬೆರಳು ಹತ್ತಿರ ಬಂದು ‘ಭಾಗ್ಯ’ ಎಂದರೆ ಭಕಾರವೇ ಒಂದು ಗುದ್ದು. ಕನ್ನಡದ ಹಾಡು, ಅದರಲ್ಲೂ ವಚನ, ದೇವರನಾಮಗಳಲ್ಲಿ ಭ, ಫ, ಧ, ಪ ಎಷ್ಟು ಸಲ ಬರುತ್ತವೆ ಎಂದು ನೋಡಿದರೆ ಇದು ಸಣ್ಣ ವಿಷಯವಲ್ಲ. ಸೋವಿ ಕಂಡೆನ್ಸರುಗಳಿಗೆ ಇನ್ನೊಂದು ಗುಣವಿದೆ. ‘ಸ್ಪಷ್ಟ’ವಾಗಿ ಕೇಳಲೆಂದು ಅವುಗಳ ಮೇಲ್ಸ್ವರವನ್ನು ಎತ್ತಿ ಕಟ್ಟಿರುತ್ತಾರೆ. ಸ, ಶ, ಷ ಅಕ್ಷರಗಳ ಬಹುಪಾಲು ಶಕ್ತಿ ಇರುವುದೂ ಮೇಲ್ಸ್ವರದಲ್ಲೇ. ‘ಸರಸ್ವತಿ’ ಎಂದರೆ ನಾಲ್ಕು ಅಕ್ಷರದ ನಡುವೆ ಎರಡು ಸಲ ಚಾಕು ಮಸೆದಂತೆ ಕೇಳುವುದು ಇದಕ್ಕೇ.

‘ಹಾಗಾದರೆ ಸ್ಟುಡಿಯೊಗಳಲ್ಲಿ ಏಕೆ ಕಂಡೆನ್ಸರೇ ಇರುತ್ತದೆ?’ ಎನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಸ್ಟುಡಿಯೊದಲ್ಲಿ ಮೈಕಿಗಿಂತ ಹೆಚ್ಚು ದುಡ್ಡು ಸುರಿದಿರುವುದು ಕೋಣೆಗೆ. ಗದ್ದಲ 20ರ ಹತ್ತಿರಕ್ಕೆ ಇಳಿದ, ಮಾರ್ದನಿ ಹದಗೊಳಿಸಿದ ಕೋಣೆಯಲ್ಲಿ ಗಾಯಕ ಒಂದು ಗೇಣು ದೂರ ನಿಂತು ಹಾಡಬಹುದು. ಆಗ ಕಂಡೆನ್ಸರ್ ಹಿಡಿಯುವ ಉಸಿರಿನ ನವಿರು, ಗಮಕದ ಅಂಚು ಡೈನಾಮಿಕ್ಕಿಗೆ ನಿಲುಕುವುದಿಲ್ಲ. ಅದು ನಿಜವಾದ ಗುಣ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ನಮ್ಮ ಬಾಡಿಗೆ ಮನೆಯ ಕೋಣೆ ಹೇಗಿದೆ? ನೆಲಕ್ಕೆ ವಿಟ್ರಿಫೈಡ್ ಟೈಲ್ಸು, ಮೇಲೆ ಆರ್‌ಸಿಸಿ, ಸುತ್ತ ನುಣ್ಣಗಿನ ಪ್ಲಾಸ್ಟರು, ಒಂದು ಕಡೆ ಗಾಜು. ಸದ್ದು ಹೀರುವುದು ಒಂದೂ ಇಲ್ಲ. ಹತ್ತಡಿ ಅಗಲ, ಹನ್ನೊಂದಡಿ ಉದ್ದ, ಹತ್ತಡಿ ಎತ್ತರದ ಇಂಥ ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಅದರ ಮಾರ್ದನಿ ಆರಲು ಲೆಕ್ಕದ ಪ್ರಕಾರ ಎರಡೂವರೆ ಸೆಕೆಂಡಿಗೂ ಮೇಲೆ ಬೇಕು. ಈ ಲೆಕ್ಕದ ಸೂತ್ರ ಹುಟ್ಟಿದ್ದೇ ಮೆತ್ತೆಗಳಿಂದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ, ಮಾರ್ದನಿ ಐದೂವರೆ ಸೆಕೆಂಡು ಸುತ್ತುತ್ತಿತ್ತು. ಸರಿಪಡಿಸಲು ನೇಮಕವಾದ ಯುವ ಅಧ್ಯಾಪಕ ವ್ಯಾಲೇಸ್ ಸಬೀನ್, ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಸಾಲಾಗಿ ಹಾಸಿ, ಎಷ್ಟು ಮೆತ್ತೆಗೆ ಮಾರ್ದನಿ ಎಷ್ಟು ಕುಗ್ಗುತ್ತದೆಂದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ ಇಡಬೇಕಿತ್ತು. ಅವರ ಸೂತ್ರವನ್ನೇ ನಮ್ಮ ಕೋಣೆಗೆ ಹಾಕಿ ಎಂಟು ಚದರ ಮೀಟರಿನಷ್ಟು ಹೀರಿಕೆ ಸೇರಿಸಿದರೆ ಮಾರ್ದನಿ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಡಬಲ್ ಕಾಟಿನ ಹಾಸಿಗೆ, ಬಟ್ಟೆ ತುಂಬಿ ಬಾಗಿಲು ತೆರೆದಿಟ್ಟ ಬೀರು, ಮಡಿಸಿ ನೇತುಹಾಕಿದ ರಗ್ಗುಗಳು ಸೇರಿದರೆ ಅದರ ಹತ್ತಿರಕ್ಕೆ ಹೋಗಬಹುದು. ಮೊಟ್ಟೆ ಟ್ರೇ ಅಂಟಿಸುವ ಪದ್ಧತಿಯಿಂದ ಮಾತ್ರ ಏನೂ ಪ್ರಯೋಜನವಿಲ್ಲ, ರಟ್ಟಿಗೆ ಸದ್ದು ಹೀರುವ ದಪ್ಪವಿಲ್ಲ.

ಕಂಬಳಿ ಎಲ್ಲಿ ಕಟ್ಟಬೇಕು ಎನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮೈಕಿನ ಹಿಂದೆ ಕಟ್ಟುತ್ತಾರೆ, ಗಾಯಕರ ಕಣ್ಣೆದುರಿಗೆ. ಆದರೆ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನಿನ ಕಡೆ ಕಿವಿ ಮಂದ. ಅದು ನೋಡುತ್ತಿರುವುದು ಗಾಯಕರ ಮುಖವನ್ನು, ಅವರ ಹೆಗಲ ಮೇಲಿಂದಾಚೆ ಹಿಂದಿನ ಗೋಡೆಯನ್ನು. ಆ ಗೋಡೆಗೆ ಬಡಿದ ದನಿ ವಾಪಸ್ ನೇರ ಮೈಕಿನ ಬಾಯಿಗೆ ಬೀಳುತ್ತದೆ. ಆದ್ದರಿಂದ ದಪ್ಪ ಕುರಿ ಕಂಬಳಿಯೋ ರಗ್ಗೋ ಮೊದಲು ಹಾಡುವವರ ಬೆನ್ನ ಹಿಂದೆ ಬರಬೇಕು, ಗೋಡೆಗೆ ಅಂಟದಂತೆ ಒಂದು ಗೇಣು ಮುಂದಕ್ಕೆ, ಹಗ್ಗದ ಮೇಲೆ. ಇದೇ ಕಾರಣಕ್ಕೆ ಸದ್ದು ಬರುವ ಕಿಟಕಿಗೆ ಮೈಕಿನ ಬೆನ್ನು ಮಾಡಬೇಕು. ಅಂದರೆ ಹಾಡುವವರು ಕಿಟಕಿಗೆ ಮುಖ ಮಾಡಿ ನಿಲ್ಲಬೇಕು, ಮೈಕಿನ ಕೇಬಲ್ ಸಿಕ್ಕಿಸಿದ ತುದಿ ಕಿಟಕಿಯತ್ತ ತಿರುಗಿರಬೇಕು. ಮೈಕನ್ನು ತುಟಿಗೆ ನೇರ ಹಿಡಿಯದೆ ಬಾಯಿಯ ಮೂಲೆಯಿಂದ ಓರೆಯಾಗಿಟ್ಟರೆ ಭಕಾರ ಪಕಾರಗಳ ಗಾಳಿ ಪಕ್ಕದಿಂದ ಹಾದುಹೋಗುತ್ತದೆ, ದನಿ ಮಾತ್ರ ಒಳಗೆ ಹೋಗುತ್ತದೆ. ಸ್ಟ್ಯಾಂಡಿನ ಕಾಲಿನ ಕೆಳಗೆ ಮಡಿಸಿದ ಗೋಣಿಚೀಲವೋ ಕಾಲೊರಸಿಯೋ ಇದ್ದರೆ ಕೆಳಗಿನ ಪ್ರೆಸ್ಸಿನ ಧಡಲ್ ನೆಲದಿಂದ ಹತ್ತಿ ಬರುವುದು ತಗ್ಗುತ್ತದೆ. ಉಳಿದ ಗುಡುಗನ್ನು ಸಾಫ್ಟ್‌ವೇರಿನಲ್ಲಿ 80 ಹರ್ಟ್ಜ್‌ನ ಲೋ ಕಟ್ ಕತ್ತರಿಸುತ್ತದೆ. ಹೆಣ್ಣುದನಿಯ ಆಧಾರ 200 ಹರ್ಟ್ಜ್ ಸುತ್ತಮುತ್ತ, ಗಂಡಸರ ಮಾತಿನ ದನಿಯದು 100ರ ಮೇಲೆ. 80ರ ಕೆಳಗೆ ಕತ್ತರಿಸಿದರೆ ಹಾಡಿಗೆ ನಷ್ಟವಿಲ್ಲ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುವವರಿಗೆ ಇದೆಲ್ಲ ಹೊಸ ಮಾತಲ್ಲ. ಚಕ್ಕಿನಲ್ಲಿ ಜಾಬ್ ಸಡಿಲ ಕೂತಿದ್ದರೆ ಎಂಥ ದುಬಾರಿ ಟೂಲ್ ಹಾಕಿದರೂ ಫಿನಿಷಿಂಗ್ ಬರುವುದಿಲ್ಲ ಎಂದು ಅವರ ಕೈಗೇ ಗೊತ್ತಿದೆ.

ಇಷ್ಟಾದ ಮೇಲೆ ಪ್ರೀಆಂಪಿನ ಪ್ರಶ್ನೆಗೆ ಮರಳಬಹುದು. ಅದರಲ್ಲಿ ನೋಡಬೇಕಾದದ್ದು ಗದ್ದಲಕ್ಕಿಂತ ಮೊದಲು ಗೇನ್, ಎಷ್ಟು ಹಿಗ್ಗಿಸಬಲ್ಲದು ಎಂಬುದು. ಡೈನಾಮಿಕ್ ಮೈಕಿನಲ್ಲಿ ಮಾತಿನ ದನಿಗೆ 55ರಿಂದ 60 ಡೆಸಿಬಲ್ ಗೇನ್ ಬೇಕಾಗುತ್ತದೆ, ಗಟ್ಟಿಯಾಗಿ ಹಾಡುವವರಿಗೆ ಇನ್ನೂ ಕಡಿಮೆ ಸಾಕು. 2019ರ ಮೂರನೇ ತಲೆಮಾರಿನ ಸ್ಕಾರ್ಲೆಟ್ 2ಐ2ರಲ್ಲಿ ಇದ್ದದ್ದು 56. 2023ರ ನಾಲ್ಕನೇ ತಲೆಮಾರಿನಲ್ಲಿ 69. ಅಂದರೆ ಹತ್ತು ವರ್ಷದ ಹಿಂದೆ ಬೇರೆ ಪ್ರೀಆಂಪ್ ಕೊಳ್ಳಲು ಇದ್ದ ಕಾರಣ ಈಗ ಬಹುಪಾಲು ಕರಗಿಹೋಗಿದೆ. ಉಳಿದಿರುವ ನಿಜವಾದ ಸಂದರ್ಭ ಒಂದೇ, ಶೂರ್ ಎಸ್‌ಎಂ7ಬಿಯಂಥ ಮೈಕು. ಪಾಡ್‌ಕಾಸ್ಟ್ ವಿಡಿಯೊಗಳಲ್ಲಿ ಎಲ್ಲರ ಮುಂದೆ ಕಾಣುವ ಕಪ್ಪು ಮೈಕು ಅದು. ಅದರ ಹಿಂದಿನ ರೂಪ ಎಸ್‌ಎಂ7ರಲ್ಲೇ ಮೈಕಲ್ ಜಾಕ್ಸನ್‌ರ ‘ಥ್ರಿಲ್ಲರ್’ ದನಿಯನ್ನು ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಹಿಡಿದದ್ದು. ಎಸ್‌ಎಂ7ಬಿ ಎಸ್‌ಎಂ58ಕ್ಕಿಂತಲೂ ಕಡಿಮೆ, ಬರೀ 1.12 ಮಿಲಿವೋಲ್ಟ್ ಕೊಡುತ್ತದೆ. ಮೆಲುದನಿಯವರು ಅದನ್ನು ಕೊಂಡು, ಗೇನ್ ಸಾಲದೆ, ಫ್ಯಾಂಟಮ್ ಪವರ್ ಕುಡಿದು 25 ಡೆಸಿಬಲ್ ಎತ್ತಿಕೊಡುವ ಕ್ಲೌಡ್‌ಲಿಫ್ಟರ್‌ನಂಥ ಪುಟ್ಟ ಪೆಟ್ಟಿಗೆಯನ್ನೂ ಕೊಳ್ಳಬೇಕಾಗುತ್ತದೆ. ಹಾಡುವ ಕೆಲಸಕ್ಕೆ ಈ ಜೋಡಿ ದುಬಾರಿ ಸುತ್ತುದಾರಿ. ಇನ್ನು ಪ್ರೀಆಂಪಿನ ‘ವಾರ್ಮ್‌ನೆಸ್’, ವಾಲ್ವಿನ ಮಾಧುರ್ಯ ಎನ್ನುವ ಮಾತು. ಟ್ರಾನ್ಸ್‌ಫಾರ್ಮರ್, ವಾಲ್ವು ಇರುವ ಒಳ್ಳೆಯ ಪ್ರೀಆಂಪುಗಳು ದನಿಗೆ ತುಸು ಬಣ್ಣ ಕೊಡುವುದು ಹೌದು. ಆದರೆ ಕೇಳುಗರು ‘ತುಂಬಿದ ದನಿ’ ಎಂದು ಮೆಚ್ಚುವುದು ಬಹುಮಟ್ಟಿಗೆ ಹತ್ತಿರದಿಂದ ಹಾಡಿದಾಗ ಕಾರ್ಡಿಯಾಯ್ಡ್ ಮೈಕಿನಲ್ಲಿ ಕೆಳಸ್ವರ ತಾನಾಗಿ ಉಬ್ಬುವುದನ್ನು. ಅದೂ ನಾಲ್ಕು ಬೆರಳಿನ ಅಂತರದ್ದೇ ಉಡುಗೊರೆ.

ಸಾಫ್ಟ್‌ವೇರಿನಲ್ಲಿ ಗದ್ದಲ ಅಳಿಸಬಹುದಲ್ಲ, ಈಗ ಎಐ ಬಂದಿದೆ ಎನ್ನುವವರಿಗೆ ಅರ್ಧ ಒಪ್ಪಿಗೆ. ಮಾತಿನ ರೆಕಾರ್ಡಿಂಗಿನಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಹಾಡಿನಲ್ಲಿ, ಅದರಲ್ಲೂ ನಮ್ಮ ಹಾಡಿನಲ್ಲಿ, ತೊಡಕಿದೆ. ಒಂದೇ ಸಮನೆ ಮೊಳಗುವುದನ್ನೆಲ್ಲ ಗದ್ದಲ ಎಂದು ಗುರುತಿಸುವುದು ಹಳೆಯ ಬಗೆಯ ನಾಯ್ಸ್ ರಿಮೂವರುಗಳ ರೀತಿ. ತಂಬೂರಿ, ಶ್ರುತಿಪೆಟ್ಟಿಗೆಯೂ ಒಂದೇ ಸಮನೆ ಮೊಳಗುವಂಥವು. ಫ್ಯಾನಿನ ಜತೆಗೆ ಶ್ರುತಿಯನ್ನೂ ಅವು ಕಚ್ಚಿ ತಿನ್ನುತ್ತವೆ. ಮಾತಿಗೆಂದೇ ಕಲಿಸಿದ ಹೊಸವು ಆಲಾಪದ ಕೊನೆಯಲ್ಲಿ ದನಿ ಸಣ್ಣಗಾಗಿ ಕರಗುವ ಕಡೆ ಅದು ದನಿಯೋ ಗದ್ದಲವೋ ತಿಳಿಯದೆ ತಟಕ್ಕನೆ ಕತ್ತರಿಸುತ್ತವೆ. ಶ್ರುತಿಯನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳಿಕೊಂಡು ದನಿಯನ್ನು ಬೇರೆ ಟ್ರ್ಯಾಕಿನಲ್ಲಿ ಹಿಡಿದರೆ ಅರ್ಧ ಕಷ್ಟ ತಪ್ಪುತ್ತದೆ. 24 ಬಿಟ್ಟಿನಲ್ಲಿ, ಜೋರು ದನಿಗೂ ಮೀಟರ್ ಮೈನಸ್ 12, ಮೈನಸ್ 10 ದಾಟದಂತೆ ರೆಕಾರ್ಡ್ ಮಾಡಿದರೆ ದನಿ ಒಡೆಯುವ ಭಯವೂ ಇಲ್ಲ.

ಕೋಣೆಯದೂ ಮೈಕಿನದೂ ಅಲ್ಲದ ಇನ್ನೊಂದು ಗದ್ದಲ ಕರೆಂಟಿನದು. ಇಂಟರ್‌ಫೇಸು ಹಾಳಾಗಿದೆ, ಪ್ರೀಆಂಪ್ ಕೆಟ್ಟದ್ದು ಎಂದು ದೂರು ಬರುವ ‘ಝುಂ’ ಸದ್ದಿನಲ್ಲಿ ದೊಡ್ಡ ಪಾಲು ಅರ್ಥಿಂಗ್ ಸರಿಯಿಲ್ಲದ ಮನೆಯ ಪ್ಲಗ್ಗಿನಿಂದ, ಎರಡು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರಿನಿಂದ ಬಂದದ್ದು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದಾಗ ಸದ್ದು ನಿಂತರೆ ಯಂತ್ರದ ತಪ್ಪಿಲ್ಲ. ಡೈನಾಮಿಕ್ ಮೈಕಿನಲ್ಲಿ ಸುರುಳಿ ಇರುವುದರಿಂದ ಮನೆಯ ಯುಪಿಎಸ್ಸಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ಪಕ್ಕ ಇಟ್ಟರೆ 50 ಹರ್ಟ್ಜ್‌ನ ಗುಂಯ್ ನೇರ ಒಳಗೆ ಹತ್ತುತ್ತದೆ. ನಾಲ್ಕೈದು ಅಡಿ ಸರಿದರೆ ಸಾಕು.

ಹಾಗಾದರೆ ಎಷ್ಟು ಖರ್ಚು? ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿದರೂ ಅಂದಾಜು ಹೇಳಬಹುದು. ಬೆಹ್ರಿಂಜರ್ ಎಕ್ಸ್‌ಎಂ8500ರಂಥ ಡೈನಾಮಿಕ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ, ಎಸ್‌ಎಂ58 ಹತ್ತು ಸಾವಿರದ ಆಸುಪಾಸಿಗೆ. ಒಂದು ಮೈಕಿನ ಸಾಧಾರಣ ಇಂಟರ್‌ಫೇಸು ಐದಾರು ಸಾವಿರದಿಂದ ಶುರು. ಒಟ್ಟು ಕೈಯಲ್ಲಿ ಹತ್ತೇ ಸಾವಿರ ಇದ್ದರೆ ಮೈಕಿಗೆ ಮೂರು, ಇಂಟರ್‌ಫೇಸಿಗೆ ಐದು, ಉಳಿದದ್ದು ಗಟ್ಟಿ ಸ್ಟ್ಯಾಂಡು, ಕೇಬಲ್ಲು, ಕಂಬಳಿಗೆ. ಮುಂದೆ ದುಡ್ಡು ಬಂದಾಗ ಮೊದಲು ಬದಲಿಸಬೇಕಾದ್ದು ಇಂಟರ್‌ಫೇಸು, ಗೇನ್ ಹೆಚ್ಚು ಇರುವುದಕ್ಕೆ. ಬೇರೆ ಪ್ರೀಆಂಪ್ ಆ ಪಟ್ಟಿಯ ಕೊನೆಯಲ್ಲೂ ಬರಬೇಕಿಲ್ಲ. ಕತೆ ಓದುವವರಿಗೆ, ಪಾಡ್‌ಕಾಸ್ಟಿನವರಿಗೆ ಸ್ಯಾಮ್ಸನ್ ಕ್ಯೂ2ಯುನಂಥ, ಯುಎಸ್‌ಬಿಯೂ ಇಂಟರ್‌ಫೇಸಿಗೆ ಜೋಡಿಸುವ ಎಕ್ಸ್‌ಎಲ್‌ಆರೂ ಎರಡೂ ಇರುವ ಡೈನಾಮಿಕ್ ಮೈಕು ಅನುಕೂಲ, ಇಂಟರ್‌ಫೇಸ್ ಇಲ್ಲದೆ ಶುರು ಮಾಡಿ ಆಮೇಲೆ ಸೇರಿಸಿಕೊಳ್ಳಬಹುದು. ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲೂ ಆನ್‌ಲೈನಿನಲ್ಲೂ ಬಿಎಂ-800 ಎಂಬ ಹೆಸರಿನಲ್ಲಿ ಹತ್ತಾರು ತಯಾರಕರ ಕಂಡೆನ್ಸರ್ ಸೆಟ್ಟು ಬರುತ್ತದೆ. ಆರ್ಮು, ಸ್ಪಂಜು, ಜಾಲರಿ, ಸೌಂಡ್ ಕಾರ್ಡು ಎಲ್ಲ ಒಂದೇ ಡಬ್ಬಿಯಲ್ಲಿ. ನೋಡಲು ಸ್ಟುಡಿಯೊ ಮೈಕಿನ ಅಚ್ಚು. ಮೂರೂವರೆ ಮಿಲಿಮೀಟರಿನ ಪಿನ್ನಿನ ಕೇಬಲ್ ಕೊಟ್ಟು ಕಂಪ್ಯೂಟರಿಗೆ ನೇರ ಚುಚ್ಚಿಸುವ ಪದ್ಧತಿಯಿಂದಾಗಿ ಅದಕ್ಕೆ ಬೇಕಾದ 48 ವೋಲ್ಟು ಸಿಗುವುದೇ ಇಲ್ಲ. ಆ ದುಡ್ಡಿಗೆ ಕೈಯಲ್ಲಿರುವ ಮೊಬೈಲನ್ನೇ ಬಟ್ಟೆ ತುಂಬಿದ ಬೀರುವಿನ ಮುಂದೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ ಹಾಡುವುದು ಮೇಲು. ಎಸ್‌ಎಂ58 ಕೊಳ್ಳುವವರಿಗೊಂದು ಎಚ್ಚರಿಕೆ: ಇದರಷ್ಟು ನಕಲಾದ ಮೈಕು ಬೇರೊಂದು ಸಿಗುವುದು ಕಷ್ಟ. ಅಸಲಿ 298 ಗ್ರಾಂ ತೂಗುತ್ತದೆ. ಅರ್ಧ ಬೆಲೆಗೆ ಸಿಕ್ಕಿದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಬಹುದು, ಅಧಿಕೃತ ಡೀಲರಿನ ಬಿಲ್ಲು ಇನ್ನೂ ಒಳ್ಳೆಯದು.

ಇಷ್ಟೆಲ್ಲ ಹೇಳಿದರೂ ‘ಮನೆಯಲ್ಲಿ ಮಾಡಿದ್ದು ಮನೆಯದೇ, ಸ್ಟುಡಿಯೊಗೆ ಸಮ ಆಗುತ್ತದೆಯೆ’ ಎಂಬ ಹಿಂಜರಿಕೆ ಹಲವರಲ್ಲಿ ಉಳಿಯುತ್ತದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೊ ಕೇಂದ್ರ ಶುರು ಮಾಡಿದ್ದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ, 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು. 30 ವ್ಯಾಟ್ ಎಂದರೆ ಹಳೆಯ ಟ್ಯೂಬ್‌ಲೈಟೊಂದು ಎಳೆಯುವುದಕ್ಕಿಂತಲೂ ಕಡಿಮೆ ಶಕ್ತಿ. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದಲೇ ಇಡೀ ದೇಶಕ್ಕೆ ಹೋಯಿತು. ಕನ್ನಡದ ದನಿ ಮನೆಯ ಕೋಣೆಯಿಂದ ಹೊರಟದ್ದು ಹೊಸದೇನೂ ಅಲ್ಲ. ಮೌನವಾದ ಕೋಣೆ ಇರುವವರು, ಹಳ್ಳಿಯ ಮನೆಗೆ ಹೋಗಿ ರೆಕಾರ್ಡ್ ಮಾಡಬಲ್ಲವರು, ರಾತ್ರಿ ಎರಡು ಗಂಟೆಗೆ ಫ್ಯಾನಿಲ್ಲದೆ ಹಾಡಬಲ್ಲವರು ಧಾರಾಳವಾಗಿ ಕಂಡೆನ್ಸರ್ ಕೊಳ್ಳಲಿ, ಅವರಿಗೆ ಅದರ ಪೂರ್ತಿ ಫಲ ಸಿಗುತ್ತದೆ. ಯಾರು ಯಾವ ಗುಂಪಿನವರು ಎಂದು ತಿಳಿಯಲು ಮೊಬೈಲ್ ಸಾಕು. ಹಾಡುವ ಜಾಗದಲ್ಲೇ ಅದನ್ನಿಟ್ಟು, ಮೊದಲು ನಾಲ್ಕು ಸಾಲು ಹಾಡಿ, ಆಮೇಲೆ ಮೂವತ್ತು ಸೆಕೆಂಡು ಸುಮ್ಮನಿದ್ದು ರೆಕಾರ್ಡ್ ಮಾಡಬೇಕು. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ರಾತ್ರಿ ಹನ್ನೊಂದಕ್ಕೆ. ಮೂರನ್ನೂ ಹೆಡ್‌ಫೋನಿನಲ್ಲಿ ಕೇಳಿದರೆ ಆ ಮೌನದೊಳಗೆ ಏನೇನಿದೆ ಎಂದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಶಿಫ್ಟಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸಿಟಿಯವರಿಗೆ ಮಧ್ಯಾಹ್ನ ಹನ್ನೆರಡರ ಕೋಣೆಯೇ ರಾತ್ರಿಗಿಂತ ಶಾಂತ ಎಂದು ಗೊತ್ತಾಗಬಹುದು, ಪೀಣ್ಯದವರಿಗೆ ಯಂತ್ರ ನಿಲ್ಲುವ ಭಾನುವಾರ. ಕೊನೆಗೆ ಉಳಿಯುವ ಸಣ್ಣ ಗೊರಗೊರ ಬಹಳ ಮನೆಗಳಲ್ಲಿ ಫ್ರಿಜ್ಜಿನದು. ಹಾಡು ಮುಗಿಯುವವರೆಗೆ ಅದರ ಸ್ವಿಚ್ ಆರಿಸಬಹುದು. ಮತ್ತೆ ಹಾಕುವುದು ಮರೆಯದಿರಲು ಗಾಡಿಯ ಕೀಯನ್ನು ಹಾಲಿನ ಪ್ಯಾಕೆಟ್ಟಿನ ಪಕ್ಕ, ಫ್ರಿಜ್ಜಿನ ಒಳಗೇ ಇಟ್ಟು ಬಾಗಿಲು ಹಾಕಿದರಾಯಿತು.